ಕೈಗೆಟುಕುವಷ್ಟು ಗೋಡೆ

ಯಾರದಾದರೂ ಮನೆಗೆ ಹೋದಾಗ ಕೆಲವರು ಮೊದಲು ಕುರ್ಚಿ ಎಲ್ಲಿದೆ ಎಂದು ನೋಡುತ್ತಾರೆ, ಕೆಲವರು ಫ್ಯಾನು ಎಲ್ಲಿದೆ ಎಂದು ನೋಡುತ್ತಾರೆ. ಕೋಟಣ್ಣ ಗೋಡೆ ನೋಡುತ್ತಿದ್ದರು. ಮದುವೆಗೆ ಮುಂಚೆ ಮಾವನ ಮನೆಗೆ ಮೊದಲ ಸಲ ಹೋದಾಗಲೂ ಹುಡುಗಿಯ ಮುಖ ನೋಡುವ ಮೊದಲು ಅವರ ಕಣ್ಣು ಹೋದದ್ದು ಅಡುಗೆಮನೆಯ ಮೂಲೆಯ ತೇವಕ್ಕೆ. "ಒಳಗೆ ಪೈಪು ಸೋರ್ತಿದೆ, ಮೊದಲು ಅದನ್ನ ನೋಡ್ಕೊಳ್ಳಿ" ಎಂದು ಮಾವನಿಗೆ ಬುದ್ಧಿ ಹೇಳಿ ಬಂದಿದ್ದರು. "ನನ್ನನ್ನ ಒಪ್ಪಿದ್ದು ಆಮೇಲೆ. ಮೊದಲು ನಮ್ಮನೆ ಗೋಡೆ ಒಪ್ಪಿಗೆ ಆಗಲಿಲ್ಲ ಅಂತ ಹೇಳಿ ಎದ್ರು" ಎಂದು ಹೆಂಡತಿ ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ.

ಅವರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಅದು ಮತದಾರರ ಪಟ್ಟಿಯಲ್ಲಿ ಮಾತ್ರ ಬಾಳುತ್ತಿತ್ತು. ಊರಿಗೆಲ್ಲ ಅವರು ಸೆಕೆಂಡ್‌ಕೋಟಣ್ಣ, ಹೇಳಿ ಹೇಳಿ ಸವೆದು ಕೋಟಣ್ಣ. ಮೈಮೇಲೆ ಒಂದು ದಿನವೂ ಕೋಟು ಹಾಕದ ಮನುಷ್ಯನಿಗೆ ಈ ಹೆಸರು ಬಂದದ್ದು ಅವರ ಬಾಯಿಯಿಂದಲೇ. ಮನೆಗಳಿಗೆ ಬಣ್ಣ ಬಳಿಯುವುದು ಅವರ ಕಸುಬು. ಮೊದಲ ಕೋಟು ಒಣಗಿದ ಮೇಲೆ ಮನೆಯವರು ಬಂದು "ಚೆನ್ನಾಗೇ ಕಾಣ್ತಿದೆ, ಸಾಕಲ್ವಾ?" ಅಂದರೆ, "ಸೆಕೆಂಡ್ ಕೋಟು ಬೀಳೋವರೆಗೂ ಏನೂ ಹೇಳೋಕಾಗಲ್ಲ" ಎನ್ನುತ್ತಿದ್ದರು. ಗೋಡೆಗೆ ಹೇಳಿದ್ದನ್ನು ಮೆಲ್ಲಗೆ ಲೋಕಕ್ಕೆಲ್ಲ ಹೇಳಲು ಶುರು ಮಾಡಿದರು. ಹೊಸ ಸರ್ಕಾರ ಹೇಗೆ? ಸೆಕೆಂಡ್ ಕೋಟು ಬೀಳಲಿ. ಪಕ್ಕದ ಮನೆಯ ಹೊಸ ಅಳಿಯ ಹೇಗೆ? ಸೆಕೆಂಡ್ ಕೋಟು ಬೀಳಲಿ. ಡಾಕ್ಟರ ಮಾತ್ರೆಯ ಬಗ್ಗೆಯೂ ಅದೇ ಮಾತು. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಯಾವಾಗಲೋ ಏಣಿಯಿಂದ ಬಿದ್ದದ್ದರ ಗುರುತು. ಕೇಳಿದವರಿಗೆ "ಏಣಿಗೂ ನನಗೂ ಒಂದು ಸಲ ಜಗಳ ಆಗಿತ್ತು, ಈಗ ರಾಜಿ ಆಗಿದೀವಿ" ಎನ್ನುತ್ತಿದ್ದರು.

ಇಂಥವರಿಗೆ ಇದ್ದದ್ದು ಒಬ್ಬಳೇ ಮಗಳು. ಅವಳು ಕಟ್ಟಡಗಳ ನಕ್ಷೆ ಮಾಡುವುದನ್ನು ಓದಿದಳು. ಅಪ್ಪ ಊರೆಲ್ಲ ಹೇಳಿಕೊಂಡು ಬಂದರು. ಜೊತೆಗೆ ಓದಿದ ಒಬ್ಬ ಸಣಕಲ ಹುಡುಗನನ್ನು ಕೂಡಿಕೊಂಡು ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಸ್ಟುಡಿಯೋ ತೆರೆದಳು. ಆ ಹುಡುಗನ ಮುಖದಲ್ಲಿ ಕನ್ನಡಕ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲವಾದ್ದರಿಂದ ಕೋಟಣ್ಣನ ಮನೆಯಲ್ಲಿ ಅವನ ಹೆಸರೇ ಕನ್ನಡಕ.

ಸ್ಟುಡಿಯೋಗೆ ಕೋಣೆ ಸಿಕ್ಕ ವಾರವೇ ಕೋಟಣ್ಣ ಏಣಿ, ಬಕೆಟ್ಟು, ಹೊಸ ಬ್ರಶ್ಶು, ಜೊತೆಗೆ ತಾವೇ ಆರಿಸಿದ ಹಾಲಿನ ಕೆನೆ ಬಣ್ಣದ ದೊಡ್ಡ ಡಬ್ಬ ಹೊತ್ತು ಮೆಟ್ಟಿಲು ಹತ್ತಿದರು. ಮಗಳು ಬಾಗಿಲಲ್ಲೇ ನಿಂತು ನಕ್ಕಳು. "ಬೇಡಪ್ಪ, ಗೋಡೆ ಹೀಗೇ ಇರಲಿ. ನಮಗೆ ಹೀಗೇ ಇಷ್ಟ." ಹೀಗೇ ಎಂದರೆ ಬರೀ ಇಟ್ಟಿಗೆ, ನಡುವೆ ಸಿಮೆಂಟಿನ ಗೆರೆ. ಅಪ್ಪ ಮುಚ್ಚಳ ತೆರೆಯದ ಡಬ್ಬವನ್ನು ಹಾಗೇ ಮನೆಗೆ ತಂದು ಮಂಚದ ಕೆಳಗೆ ಇಟ್ಟರು. ಹೆಂಡತಿ ಪೊರಕೆ ಹಿಡಿದು ಮಂಚದ ಕೆಳಗೆ ಬಗ್ಗಿದಾಗಲೆಲ್ಲ ಅದು ಕೈಗೆ ತಾಗುತ್ತಿತ್ತು, ಅವರು ಅದನ್ನು ಸುತ್ತಿ ಗುಡಿಸುತ್ತಿದ್ದರು.

ಮಗಳ ಕೈಯಲ್ಲಿ ಕಟ್ಟಡಗಳು ಎದ್ದವು. ಬಸ್ ಡಿಪೋದಲ್ಲಿ ಡ್ರೈವರುಗಳಿಗೆ ಮಲಗುವ ಕೋಣೆ, ಪಕ್ಕದ ಊರಲ್ಲಿ ಪುಟ್ಟ ಗ್ರಂಥಾಲಯ, ಇದೇ ಊರಿನ ಮಾರುಕಟ್ಟೆಯ ಹಿಂದೆ ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರ. ಒಂದಕ್ಕೂ ಪ್ಲಾಸ್ಟರಿಲ್ಲ, ಒಂದಕ್ಕೂ ಬಣ್ಣವಿಲ್ಲ. ಬಣ್ಣದ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಜೊತೆಗಾರರು ಕೆಣಕುತ್ತಿದ್ದರು. "ಏನಣ್ಣ, ಮಗಳು ಊರೆಲ್ಲ ಗೋಡೆ ಎಬ್ಬಿಸ್ತಾಳೆ, ಅಪ್ಪನಿಗೆ ಒಂದು ಮೂಲೆನೂ ಇಲ್ವಾ? ದೀಪದ ಬುಡದಲ್ಲೇ ಕತ್ತಲೆ ಅಂದ್ರೆ ಇದೇ ನೋಡು." ಕೋಟಣ್ಣ ಅವರಿಗಿಂತ ಜೋರಾಗಿ ನಗುತ್ತಿದ್ದರು. ಮನೆಗೆ ಬಂದು ಮಾತ್ರ ಹೆಂಡತಿಯ ಮುಂದೆ ಒಂದು ದಿನ ಹೇಳಿಬಿಟ್ಟರು. "ಅವಳಿಗೆ ನನ್ನ ಕಸುಬು ಅಂದ್ರೆ ನಾಚಿಕೆ ಕಣೇ. ಬಣ್ಣ ಅಂದ್ರೆ ಅಪ್ಪ ನೆನಪಾಗ್ತಾನೆ, ಅದಕ್ಕೇ ಬಣ್ಣನೇ ಬೇಡ ಅಂತಾಳೆ."

"ಹಾಗಂತ ಅವಳು ಹೇಳಿದ್ಲಾ?"

"ಹೇಳ್ತಾರಾ ಯಾರಾದ್ರೂ?"

ಹೆಂಡತಿ ಬೇಕರಿಯಲ್ಲಿ ನಸುಕಿನ ಪಾಳಿಯ ಕೆಲಸದವರು. ಹಿಟ್ಟು ನಾದಿ ನಾದಿ, ಯಾವುದನ್ನು ಮುಟ್ಟಬೇಕು ಯಾವುದನ್ನು ಸ್ವಲ್ಪ ಹೊತ್ತು ಹಾಗೇ ಬಿಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಆ ದಿನ ಹಾಗೇ ಬಿಟ್ಟರು.

ಹೀಗಿರುವಾಗ ಸುದ್ದಿ ಬಂತು. ದೇಶದೇಶಗಳ ಕಟ್ಟಡಗಳು ಸ್ಪರ್ಧಿಸುವ ದೊಡ್ಡದೊಂದು ವಿನ್ಯಾಸ ಪ್ರಶಸ್ತಿಯ ಕೊನೆಯ ಸುತ್ತಿಗೆ ಮಗಳ ಮೂರೂ ಕಟ್ಟಡಗಳು ಹೋಗಿದ್ದವು. ನೋಡಿ ಹೋಗಲು ಹೊರದೇಶದಿಂದ ಒಬ್ಬ ತೀರ್ಪುಗಾರ್ತಿ ಬರುವುದಿತ್ತು. ಕೋಟಣ್ಣ ಆ ವಾರ ಹೋದ ಮನೆಯಲ್ಲೆಲ್ಲ ಗೋಡೆ ಕೆರೆಯುತ್ತ ಇದನ್ನೇ ಹೇಳಿದರು. ಒಂದು ಮನೆಯಲ್ಲಿ ಹೇಳುತ್ತ ಹೇಳುತ್ತ ಕಿಟಕಿಯ ಗಾಜಿಗೂ ಪ್ರೈಮರ್ ಬಳಿದರು.

ತೀರ್ಪುಗಾರ್ತಿಗೆ ಗ್ರಂಥಾಲಯ ತೋರಿಸಲು ಮಗಳು, ಕನ್ನಡಕ ಇಬ್ಬರೂ ಪಕ್ಕದ ಊರಿಗೆ ಹೋಗಿದ್ದ ದಿನ ಶಿಶುವಿಹಾರದ ದೊಡ್ಡ ಟೀಚರ್ ಕೋಟಣ್ಣನಿಗೆ ಫೋನ್ ಮಾಡಿದರು. ಮಾರನೆಯ ದಿನ ಅಲ್ಲಿಗೆ ಬರುವ ಸರದಿ.

"ಕೋಟಣ್ಣ, ಒಂದು ಮಾತು. ನಿಮ್ಮ ಮಗಳ ಕಟ್ಟಡ, ಅವಳಿಗೆ ಹೇಳೋಕೆ ನನಗೆ ಸಂಕೋಚ. ಆದ್ರೆ ಆ ಉದ್ದನೆ ಗೋಡೆ ನೋಡಿ ಪೇರೆಂಟ್ಸೆಲ್ಲ ಇವತ್ತಿಗೂ ಕೇಳ್ತಾರೆ, ಕೆಲಸ ಯಾವಾಗ ಮುಗಿಯುತ್ತೆ ಅಂತ. ನಾಳೆ ಅಷ್ಟು ದೂರದಿಂದ ಬಂದವರು ಏನಂದ್ಕೊಳ್ತಾರೆ? ಒಂದು ಕೈ ಬಳಿದುಕೊಡೋಕಾಗುತ್ತಾ?"

ಕೋಟಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಾವೊಬ್ಬರೇ ಅಲ್ಲ, ಓದಿದ ಟೀಚರೂ ಅದನ್ನೇ ಹೇಳುತ್ತಿದ್ದಾರೆ. ಅರ್ಧಕ್ಕೆ ನಿಂತ ಗೋಡೆಗೆ ಯಾವ ತೀರ್ಪುಗಾರ್ತಿ ತಾನೇ ಬಹುಮಾನ ಕೊಟ್ಟಾಳು? ಮಗಳ ಮರ್ಯಾದೆ ಉಳಿಸುವುದು ಅಪ್ಪನ ಕರ್ತವ್ಯವಲ್ಲವೇ? ಮಂಚದ ಕೆಳಗೆ ಬಗ್ಗಿ ಡಬ್ಬ ಎಳೆದರು.

"ಅವಳನ್ನ ಒಂದು ಮಾತು ಕೇಳಿ" ಎಂದರು ಹೆಂಡತಿ.

"ಕೇಳಿದ್ರೆ ಬೇಡ ಅಂತಾಳೆ."

"ಅದಕ್ಕೇ ಕೇಳಿ ಅಂದಿದ್ದು."

ಕೋಟಣ್ಣ ಆಗಲೇ ಗೇಟು ದಾಟಿದ್ದರು.

ಶಿಶುವಿಹಾರದ ಉದ್ದನೆಯ ಕೋಣೆಗೆ ಅವರು ಹಿಂದೆ ಬಂದಿದ್ದು ಒಮ್ಮೆ ಮಾತ್ರ, ಉದ್ಘಾಟನೆಯ ದಿನ, ಜನರ ತಲೆಗಳ ನಡುವೆ. ಈಗ ಗೋಡೆ ಒಂಟಿಯಾಗಿ ಸಿಕ್ಕಿತ್ತು. ಮಾವಿನ ಹಣ್ಣು ಕೊಳ್ಳುವವರ ಹಾಗೆ ಅದನ್ನು ಅಲ್ಲಲ್ಲಿ ಮುಟ್ಟಿ, ಉಗುರಲ್ಲಿ ಕೆರೆದು, ಕಿವಿಗೊಟ್ಟು ತಟ್ಟಿ ನೋಡಿದರು. ಇಟ್ಟಿಗೆ ಕೆಲಸದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಅದಕ್ಕೂ ಸ್ವಲ್ಪ ಬೇಜಾರಾಯಿತು. ಅವರ ಏಣಿ ಬೇರೆ ಕೆಲಸದ ಮೇಲಿತ್ತು, ಸಂಜೆ ಬರಬೇಕಿತ್ತು. ಅಷ್ಟರವರೆಗೆ ಕೈಗೆ ಎಟುಕುವಷ್ಟು ಮುಗಿಸಿಬಿಡೋಣ ಎಂದು ಬ್ರಶ್ಶು ಅದ್ದಿದರು.

ಆಹಾ, ಆ ಬೆಳಗಿನ ಕೆಲಸ. ಇಷ್ಟು ವರ್ಷ ಬೇರೆಯವರ ಗೋಡೆಗೆ ಬಳಿದ ಕೈ ಇವತ್ತು ತನ್ನವರ ಗೋಡೆಗೆ ಬಳಿಯುತ್ತಿತ್ತು. ಒರಟು ಇಟ್ಟಿಗೆ ಬಣ್ಣ ಕುಡಿಯುತ್ತ ಹೋಯಿತು, ಅವರು ಕುಡಿಸುತ್ತ ಹೋದರು. ಹಳೆಯ ಹಾಡೊಂದನ್ನು ಗುನುಗಿದರು, ಅದರ ಎರಡನೇ ಸಾಲು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ, ಮೊದಲ ಸಾಲನ್ನೇ ಎರಡು ಸಲ ಹಾಡಿದರು. ಮಧ್ಯಾಹ್ನದ ಹೊತ್ತಿಗೆ ಕೋಣೆಯ ಈ ತುದಿಯಿಂದ ಆ ತುದಿಗೆ, ನೆಲದಿಂದ ಅವರ ಚಾಚಿದ ಕೈಯ ಎತ್ತರದವರೆಗೆ, ಗೋಡೆ ಹಾಲಿನ ಕೆನೆಯಾಗಿತ್ತು. ದೊಡ್ಡ ಟೀಚರ್ ಕೈ ಜೋಡಿಸಿ "ಈಗ ನೋಡಿ ಕಳೆ ಬಂತು" ಎಂದರು. "ಸೆಕೆಂಡ್ ಕೋಟು ಬೀಳೋವರೆಗೂ ಏನೂ ಹೇಳೋಕಾಗಲ್ಲ" ಎಂದು ಕೋಟಣ್ಣ ಊಟಕ್ಕೆ ಕೂತರು.

ಮಕ್ಕಳ ನಿದ್ದೆಯ ಸಮಯ ಬಂತು. ಮಕ್ಕಳನ್ನು ನೋಡಿಕೊಳ್ಳುವ ಆಯಾ ಎಂದಿನಂತೆ ಗೋಡೆಗೆ ಎದುರಾಗಿ ಚಾಪೆಗಳನ್ನು ಹಾಸಿದಳು, ಮಕ್ಕಳು ದಿನದಂತೆ ಉರುಳಿಕೊಂಡರು. ಆಗ ಛಾವಣಿಯಂಚಿನ ಕಿಂಡಿಯಿಂದ ಬಿಸಿಲು ಇಳಿಯಿತು. ಮೇಲಿನ ಬರೀ ಇಟ್ಟಿಗೆಯ ಮೇಲೆ ಅದು ಮೆತ್ತಗೆ, ಜೇನಿನ ಬಣ್ಣದಲ್ಲಿ ಜಾರುತ್ತ ಬಂತು. ಪ್ರತಿ ಇಟ್ಟಿಗೆಯ ಕೆಳಗೂ ಒಂದು ಸಣ್ಣ ನೆರಳು. ಕೋಟಣ್ಣ ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನೋಡಿದರು. ಬಿಸಿಲು ಇನ್ನಷ್ಟು ಇಳಿದು ಕೆನೆ ಬಣ್ಣವನ್ನು ಮುಟ್ಟಿತು, ಮುಟ್ಟಿದ್ದೇ ತಡ ಕೋಣೆಯೆಲ್ಲ ಟಾರ್ಚ್ ಬಿಟ್ಟಂತೆ ಝಗ್ಗೆಂದಿತು. ಒಂದು ಮಗು ಕಣ್ಣುಜ್ಜಿಕೊಂಡು ಎದ್ದು ಕೂತಿತು. ಇನ್ನೊಂದು ಮುಖಕ್ಕೆ ಮೊಣಕೈ ಅಡ್ಡ ಹಿಡಿಯಿತು. ಮೂರನೆಯದು ಅಳಲು ಶುರು ಮಾಡಿ ಉಳಿದವರನ್ನೂ ಕರೆದುಕೊಂಡಿತು. "ಇದೇನು, ದಿನಾ ಸದ್ದಿಲ್ದೆ ಮಲಗೋವು" ಎಂದು ಆಯಾ ಗೊಣಗಿದಳು.

ಕೋಟಣ್ಣ ಲೋಟ ನೆಲದ ಮೇಲಿಟ್ಟರು. ಬೆಳಕನ್ನು ಕುಡಿದುಕೊಂಡು ಮಕ್ಕಳನ್ನು ಮಲಗಿಸಲೆಂದೇ ನಿಲ್ಲಿಸಿದ ಗೋಡೆ ಅದು. ಅದು ಅರ್ಧಕ್ಕೆ ನಿಂತಿರಲಿಲ್ಲ, ಮುಗಿದಿತ್ತು. ಹುಟ್ಟಿದಾಗಿನಿಂದ ಗೋಡೆ ನೋಡುತ್ತ ಬಂದ ಮನುಷ್ಯ ಮಗಳ ಗೋಡೆಯೊಂದನ್ನು ಮಾತ್ರ ನೋಡಿರಲಿಲ್ಲ, ಬರೀ ಅದರ ಮೇಲೆ ಇಲ್ಲದ ಬಣ್ಣವನ್ನು ನೋಡಿದ್ದ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುವ ಮಾತು ನೆನಪಾಯಿತು. ದೊಣ್ಣೆ ತಾವೇ ಎಂಬುದೂ ಹೊಳೆಯಿತು.

ಏಣಿಯವನಿಗೆ ಫೋನ್ ಮಾಡಿ ಬರಬೇಡ ಎಂದರು. ಬಕೆಟ್ಟಿಗೆ ನೀರು ತುಂಬಿ, ತಂತಿ ಬ್ರಶ್ಶು ಹಿಡಿದು ತಿಕ್ಕಲು ನಿಂತರು.

ಸಂಜೆ ಅತಿಥಿಯನ್ನು ಹೋಟೆಲಿನಲ್ಲಿ ಕನ್ನಡಕನಿಗೆ ಒಪ್ಪಿಸಿ, ಎಲ್ಲ ಸರಿಯಿದೆಯೇ ನೋಡೋಣವೆಂದು ಮಗಳು ಬಂದಳು. ಬಾಗಿಲಲ್ಲಿ ನಿಂತಳು. ಗೋಡೆ ಅರ್ಧ ಮೋಡ ಕವಿದಂತಿತ್ತು, ನೆಲದ ಮೇಲೆ ಬಿಳಿ ನೀರು, ನೀರಿನ ನಡುವೆ ಪ್ಯಾಂಟು ಮಡಚಿದ ಅಪ್ಪ.

"ಏನಪ್ಪ ಇದು?"

"ನಾನೇ ಬಳಿದೆ. ನಾನೇ ತೆಗೀತಿದೀನಿ."

ಅವಳ ಮುಖ ಕೆಂಪಾಯಿತು. ಚೀಲವನ್ನು ಮೂಲೆಗೆ ಎಸೆದಳು. "ನಾಳೆ ಬೆಳಿಗ್ಗೆ ಅವರು ಬರ್ತಾರೆ. ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?" ಎಂದಳು. ಅಪ್ಪ ತಿಕ್ಕುತ್ತಲೇ ಇದ್ದರು. ಅವಳು ತೋಳು ಮಡಚಿ, ಇನ್ನೊಂದು ಬ್ರಶ್ಶು ಎತ್ತಿಕೊಂಡು ಪಕ್ಕದಲ್ಲಿ ನಿಂತು ತಿಕ್ಕತೊಡಗಿದಳು. ಇಬ್ಬರ ಕೈಯ ಬೀಸೂ ಒಂದೇ ಥರ ಇತ್ತು, ಮೇಲಿಂದ ಕೆಳಗೆ, ಕೊನೆಯಲ್ಲಿ ಸಣ್ಣದೊಂದು ತಿರುವು. ಅದನ್ನು ಗಮನಿಸುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಕೊನೆಗೆ ಅಪ್ಪನೇ ಗೋಡೆಯ ಕಡೆ ನೋಡಿಕೊಂಡು ಕೇಳಿದರು. "ನನ್ನ ಕಸುಬು ಅಂದ್ರೆ ನಿನಗೆ ನಾಚಿಕೆನಾ ಮಗಳೇ?"

ಅವಳ ಕೈ ನಿಂತಿತು. "ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನೀನು ಊರೆಲ್ಲ ಕಟ್ಟಿದೆ, ನನಗೆ ಒಂದು ಗೋಡೆ ಕೊಡಲಿಲ್ಲ."

ಮಗಳು ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ನೀನು ಬಿದ್ದಾಗ ನಾನು ಹೈಸ್ಕೂಲು. ಆ ಬ್ಯಾಂಕಿನ ಕಟ್ಟಡ, ಮೂರನೇ ಮಹಡಿ ಹೊರಗೋಡೆ. ನೀನು ಕಾಲಿಗೆ ಪಟ್ಟಿ ಹಾಕ್ಕೊಂಡು ಮಲಗಿದ್ದೆ. ಅಮ್ಮ ಎರಡು ಪಾಳಿ ಮಾಡ್ತಿದ್ಲು. ನೆನಪಿದೆಯಾ?"

"ಅದೆಲ್ಲ ಈಗ ಯಾಕೆ?"

"ಮುಂದಿನ ವರ್ಷ ಮಳೆಗೆ ಆ ಬಣ್ಣ ಎಲ್ಲ ಕಿತ್ತು ಬಂತು. ಅದೇ ಗೋಡೆಗೆ ಅದೇ ಏಣಿ ಹಾಕಿ ನೀನೇ ಮತ್ತೆ ಹತ್ತಿದೆ. ನಾನು ಸ್ಕೂಲಿಗೆ ಹೋಗ್ತಾ ರಸ್ತೆಯಲ್ಲಿ ನಿಂತು ನೋಡ್ದೆ. ಹತ್ತಿ ಇಳಿಯೋವರೆಗೂ ಹೋಗಲಿಲ್ಲ. ಬಣ್ಣನೇ ಬೇಡದ ಗೋಡೆ ಕಟ್ಟಿದ್ರೆ ಅಪ್ಪ ಹತ್ತಬೇಕಾಗಿರಲಿಲ್ಲ ಅಂದ್ಕೊಂಡೆ." ಅವಳು ಮೂಗು ಒರೆಸಿಕೊಂಡಳು, ಮೂಗಿಗೆ ಕೆನೆ ಬಣ್ಣ ಹತ್ತಿತು. "ಕಾಲೇಜಿನಲ್ಲಿ ಏನೇನೋ ಕಲಿಸಿದ್ರು. ಆದ್ರೆ ನಾನು ಮಾಡೋದು ಇವತ್ತಿಗೂ ಅದೊಂದೇ."

ಕೋಟಣ್ಣ ಬ್ರಶ್ಶು ಕೆಳಗಿಟ್ಟು, ಅಂಗಿಯ ತುದಿಯಿಂದ ಅವಳ ಮೂಗಿನ ಬಣ್ಣ ಒರೆಸಿದರು. ಆದರೆ ಅವರು ಅಷ್ಟು ಸುಲಭಕ್ಕೆ ಸೋಲುವವರೂ ಅಲ್ಲ.

"ಎಲ್ಲರೂ ನಿನ್ನ ಹಾಗೆ ಕಟ್ಟಿದ್ರೆ ನಮ್ಮವರ ಗತಿ ಏನು? ಕಟ್ಟೆ ಮೇಲೆ ಚಹಾ ಕುಡೀತಾ ಕೂತಿರಬೇಕಾ?"

ಮಗಳು ನಕ್ಕುಬಿಟ್ಟಳು. "ಅದು ನಾನು ಯೋಚನೆ ಮಾಡಿರಲಿಲ್ಲ ಅಪ್ಪ."

"ಮಾಡು. ಓದಿದವಳು ನೀನು."

ಕತ್ತಲಾಗುವವರೆಗೆ ತಿಕ್ಕಿದರೂ ಇಟ್ಟಿಗೆಯ ರಂಧ್ರಗಳಿಗೆ ಇಳಿದ ಬಣ್ಣ ಪೂರ್ತಿ ಬರಲಿಲ್ಲ. ಹೊಳಪು ಹೋಯಿತು, ಒಂದು ತೆಳು ಮಬ್ಬು ಉಳಿಯಿತು. ಅದು ಕೋಣೆಯ ಉದ್ದಕ್ಕೂ ಒಂದೇ ಎತ್ತರಕ್ಕೆ ನಿಂತಿತ್ತು. ಮಗಳು ಹೋಗುವ ಮುನ್ನ ಆ ಅಂಚನ್ನು ಬಹಳ ಹೊತ್ತು ನೋಡಿದಳು.

ಬೆಳಿಗ್ಗೆ ತೀರ್ಪುಗಾರ್ತಿ ಬಂದರು. ಎತ್ತರದ, ಕಡಿಮೆ ಮಾತಿನ ಹೆಂಗಸು. ಕೋಟಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು, ಬರಬಾರದೆಂದು ಮನೆಯಲ್ಲೇ ತೀರ್ಮಾನಿಸಿ, ಬಂದು ಕಂಬದ ಹಿಂದೆ ನಿಂತಿದ್ದರು. ಕಂಬ ಅವರಿಗಿಂತ ತೆಳ್ಳಗಿತ್ತು. ತೀರ್ಪುಗಾರ್ತಿ ಗೋಡೆ ಸವರಿ, ಬೆರಳು ನೋಡಿಕೊಂಡು ಏನೋ ಕೇಳಿದರು. ಕನ್ನಡಕ ಬೆವರಿದ. ಗೋಡೆ ಎರಡು ಬಣ್ಣದಲ್ಲಿ ಯಾಕಿದೆ ಎಂದು ಕೇಳುತ್ತಿದ್ದಾರೆಂದು ಎಲ್ಲರಿಗೂ ತಿಳಿಯಿತು. ಏನಾದರೊಂದು ದೊಡ್ಡ ಮಾತು ಹೇಳಿ ಪಾರಾಗಬಹುದಿತ್ತು, ಆ ಕಸುಬಿನಲ್ಲಿ ದೊಡ್ಡ ಮಾತಿಗೆ ಬರವಿಲ್ಲ. ಮಗಳು ಕಂಬದ ಹಿಂದೆ ಹೋಗಿ ಅಪ್ಪನ ಕೈ ಹಿಡಿದು ಮುಂದಕ್ಕೆ ತಂದಳು. ಮೊದಲು ಅತಿಥಿಯ ಭಾಷೆಯಲ್ಲಿ ಹೇಳಿದಳು, ಆಮೇಲೆ ಟೀಚರಿಗೂ ಆಯಾಗೂ ಕೇಳುವಂತೆ ತನ್ನ ಭಾಷೆಯಲ್ಲಿ.

"ಇವರು ನಮ್ಮಪ್ಪ. ಗೋಡೆಗೆ ಬಣ್ಣ ಬಳಿಯೋರು. ಈ ಊರಲ್ಲಿ ಇವರಷ್ಟು ಚೆನ್ನಾಗಿ ಬಳಿಯೋರು ಇನ್ನೊಬ್ಬರಿಲ್ಲ. ನಿನ್ನೆ ನನ್ನ ಮೇಲಿನ ಪ್ರೀತಿಗೆ ಇದನ್ನ ಬಳಿದ್ರು, ಆಮೇಲೆ ಇಬ್ಬರೂ ಸೇರಿ ತೊಳೆದ್ವಿ."

ತೀರ್ಪುಗಾರ್ತಿ ಕೋಟಣ್ಣನತ್ತ ತಿರುಗಿ ಒಂದೇ ಪ್ರಶ್ನೆ ಕೇಳಿದರು. ಕನ್ನಡಕ ಅನುವಾದಿಸಿದ. "ಈ ಗೋಡೆ ಬಗ್ಗೆ ನಿಮ್ಮ ಅಭಿಪ್ರಾಯ ಏನು ಅಂತಾರೆ."

ಹೆಂಡತಿ ಇದ್ದಿದ್ದರೆ ಉತ್ತರ ಏನೆಂದು ಮೊದಲೇ ಹೇಳಿಬಿಡುತ್ತಿದ್ದರು, ಹೇಳಿ ಸೋಲುತ್ತಿದ್ದರು. ಕೋಟಣ್ಣ ಕೈ ಕಟ್ಟಿಕೊಂಡು ಹೇಳಿದರು. "ಇದಕ್ಕೆ ಸೆಕೆಂಡ್ ಕೋಟು ಬೇಡ. ಮೊದಲನೇ ಕೋಟೂ ಬೇಕಾಗಿರಲಿಲ್ಲ."

ತಿಂಗಳುಗಳ ಮೇಲೆ ಫಲಿತಾಂಶ ಬಂತು. ಗ್ರಂಥಾಲಯಕ್ಕೆ ಅದರ ವಿಭಾಗದ ಮೊದಲ ಪ್ರಶಸ್ತಿ, ಡಿಪೋದ ಕೋಣೆಗೆ ಒಂದು ಪ್ರಮಾಣಪತ್ರ, ಶಿಶುವಿಹಾರಕ್ಕೆ ವಿಶೇಷ ಮೆಚ್ಚುಗೆ. ಸೈಕಲ್ ಅಂಗಡಿಯವನು ಸಿಕ್ಕವರಿಗೆಲ್ಲ ಸಿಹಿ ಹಂಚಿದ, ತನ್ನ ಮಹಡಿಗೇ ಪ್ರಶಸ್ತಿ ಬಂದಿದೆ ಎನ್ನುವಂತೆ. ಕೋಟಣ್ಣನಿಗೆ ಒಂದೇ ಕೊರಗು. "ಶಿಶುವಿಹಾರಕ್ಕೆ ಮೊದಲನೇದು ತಪ್ಪಿದ್ದು ನನ್ನ ಬಣ್ಣದಿಂದಾನಾ?"

"ಅಲ್ಲಪ್ಪ" ಎಂದಳು ಮಗಳು.

"ಹೌದು" ಎಂದರು ಹೆಂಡತಿ. "ಇರಲಿ, ಮೆಚ್ಚುಗೆ ಸಿಕ್ಕಿದ್ದೂ ಅದರಿಂದಾನೇ ಇರಬಹುದು, ಯಾರಿಗೆ ಗೊತ್ತು?"

ಆ ಭಾನುವಾರ ಮಗಳು ಅಪ್ಪನನ್ನು ಸ್ಟುಡಿಯೋಗೆ ಬರಹೇಳಿದಳು, ಉಳಿದ ಅರ್ಧ ಡಬ್ಬವನ್ನೂ ತರಹೇಳಿದಳು. ಮೇಜಿನ ಮೇಲೆ ಹೊಸ ಶಾಲೆಯೊಂದರ ನಕ್ಷೆಯಿತ್ತು. ಪ್ರತಿ ಗೋಡೆಯಲ್ಲೂ ನೆಲದಿಂದ ಆಳೆತ್ತರಕ್ಕೆ ಒಂದು ಅಡ್ಡಗೆರೆ. ಗೆರೆಯ ಮೇಲೆ ಬರೀ ಇಟ್ಟಿಗೆ, ಕೆಳಗೆ ಬಣ್ಣ.

"ನಿಮ್ಮವರ ಗತಿ ಏನು ಅಂತ ಕೇಳಿದ್ಯಲ್ಲ. ಯೋಚನೆ ಮಾಡ್ದೆ" ಎಂದಳು. "ಬೆಳಕು ಬೀಳದ ಕಡೆ, ಮಕ್ಕಳು ಕೈ ಒರೆಸೋ ಕಡೆ, ಬಣ್ಣ ಇರಲಿ. ಆದ್ರೆ ಯಾರೂ ಏಣಿ ಹತ್ತಬಾರದು. ನೆಲದ ಮೇಲೆ ನಿಂತು ಎಟುಕುವಷ್ಟೇ. ಆ ಎತ್ತರ ಎಷ್ಟು ಅಂತ ಅಳೀಬೇಕು. ಮೊದಲು ಈ ಗೋಡೆಗೆ, ಆಮೇಲೆ ಶಾಲೆಗೆ. ಬಾ, ನಿಂತ್ಕೋ."

ಅಂದು ಬಾಗಿಲಲ್ಲೇ ಬೇಡವೆನಿಸಿಕೊಂಡು ಬಂದ ಅದೇ ಗೋಡೆ. ಕೋಟಣ್ಣ ಅದಕ್ಕೆ ಬೆನ್ನು ಕೊಟ್ಟು ನಿಂತು ಬಲಗೈ ಮೇಲಕ್ಕೆ ಚಾಚಿದರು. ಮಗಳು ಪೆನ್ಸಿಲ್ ಹಿಡಿದು ಕುರ್ಚಿಯ ಮೇಲೆ ನಿಂತಳು. ಗೋಡೆ ಎಷ್ಟು ಹೆಚ್ಚು ಸಿಕ್ಕರೆ ಅಷ್ಟು ಲಾಭ ಎಂದುಕೊಂಡ ಅಪ್ಪ ಉಸಿರು ಬಿಗಿಹಿಡಿದು, ಯಾರಿಗೂ ಕಾಣದಂತೆ ತುದಿಗಾಲಲ್ಲಿ ಎದ್ದರು.

ಮಗಳು ಕೆಳಗೆ ನೋಡಲೂ ಇಲ್ಲ.

"ಹಿಮ್ಮಡಿ ಕೆಳಗಿಡಪ್ಪ."